ಮೀನನ್ನು ಕೇಳಿ ಫೋಟೋ ತೆಗೆಯುವವನ ತಂಗಿ

ನಮ್ಮಣ್ಣ ಮೀನಿನ ಒಪ್ಪಿಗೆ ಪಡೆದೇ ಮೀನಿನ ಫೋಟೋ ತೆಗೆಯುವುದು. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಅದಕ್ಕೆ ಅವಕಾಶ ಕಡಿಮೆ.

ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಅಂತ ಒಂದು ದ್ವೀಪ ಸಿಗುತ್ತದೆ. ಅದರ ಹತ್ತಿರ ಸಮುದ್ರದೊಳಗೆ ಇಳಿಯುತ್ತಾನೆ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್, ಬಾಯಲ್ಲಿ ಕೊಳವೆ, ಕೈಯಲ್ಲಿ ನೀರು ಹೋಗದ ಡಬ್ಬಿಯೊಳಗೆ ಕ್ಯಾಮೆರಾ. ಮೀನು ಕಂಡರೆ ಅಟ್ಟಿಸಿಕೊಂಡು ಹೋಗುವುದಿಲ್ಲ. ಒಂದು ಮಾರು ದೂರದಲ್ಲಿ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಮರ್ಯಾದೆಯಾಗಿ ನಿಲ್ಲುತ್ತಾನಂತೆ.

"ನಿಂತು?" ಅಂತ ಕೇಳಿದೆ ಒಂದು ಸಲ.

"ಕಾಯ್ತೀನಿ. ತಿರುಗಿಕೊಂಡು ಹೋದ್ರೆ ಬೇಡ ಅಂತ. ಅಲ್ಲೇ ಇದ್ರೆ, ಆಯ್ತು ತೆಗಿ ಅಂತ."

"ಎಲ್ಲಾ ಮೀನೂ ತಿರುಗಿಕೊಂಡು ಹೋದ್ರೆ?"

"ಮೇಲೆ ಬರ್ತೀನಿ."

"ಅಷ್ಟು ದೂರ ಬಸ್ ಚಾರ್ಜ್ ಕೊಟ್ಟು ಹೋಗಿರ್ತೀಯಲ್ಲೋ!"

"ನಾನು ಬಸ್ ಚಾರ್ಜ್ ಕೊಟ್ರೆ ಅದು ಮೀನಿನ ತಪ್ಪಾ?"

ಹೇಳಿ, ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತೀರಿ?

ಇಂಥವನ ಒಡಹುಟ್ಟಿದ ತಂಗಿ ನಾನು. ಇವನು ಯಾರಿಗೂ ತೋರಿಸುವುದಿಲ್ಲ ಅಂತ ಇಟ್ಟುಕೊಂಡಿದ್ದ ಒಂದು ಫೋಟೋವನ್ನು ಇವನ ಕಂಪ್ಯೂಟರಿನಿಂದಲೇ ಕದ್ದವಳು. ಕದ್ದು ಅದನ್ನು ಕೆಡಿಸಿ ಬೀದಿಗೆ ಕಟ್ಟಿದವಳು. ಆವತ್ತಿನಿಂದ ಅಣ್ಣ ನನ್ನ ಜೊತೆ ಮಾತು ಬಿಟ್ಟ. ಕೂಗಾಡಿ ಬಿಟ್ಟಿದ್ದರೆ ನಾನೂ ಕೂಗಾಡಿ ಸರಿಮಾಡಿಕೊಳ್ಳುತ್ತಿದ್ದೆ. ಸುಮ್ಮನೆ ಬಿಟ್ಟ. ಅವನು ಮತ್ತೆ ನನ್ನನ್ನು 'ಪುಟ್ಟಿ' ಅಂತ ಕರೆಯುತ್ತಾನೋ ಇಲ್ಲವೋ ಅಂತ ನಾನು ಕಾದ ಕಥೆ ಇದು. ಆದರೆ ಅವನ ಹುಚ್ಚುಗಳನ್ನು ಹೇಳದೆ ನನ್ನ ತಪ್ಪು ಹೇಳಿದರೆ ತಪ್ಪಿನ ತೂಕ ನಿಮಗೆ ಗೊತ್ತಾಗುವುದಿಲ್ಲ.

ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಓದಿದವಳಲ್ಲ. ಎಸೆಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು, ನಾನೂ ಮತ್ತೆ ಅದರ ಕೈಹಿಡಿಯಲು ಹೋಗಲಿಲ್ಲ. ಡಿಟಿಪಿ ಕಲಿತೆ. ಕತ್ರಿಗುಪ್ಪೆಯಲ್ಲಿ ಒಂದು ಅಂಗಡಿ ಇದೆ. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್, ಫ್ಲೆಕ್ಸ್, ಮದುವೆ ಆಲ್ಬಮ್ ಎಲ್ಲ ಮಾಡುತ್ತೇನೆ. ಆದರೆ ನಾಲ್ಕು ಜನ ನನ್ನ ಹೆಸರು ಹೇಳಿಕೊಂಡು ಬರುವುದು ಸತ್ತವರಿಗೆ ಕೋಟು ತೊಡಿಸಲಿಕ್ಕೆ. ತಾತನ ಫೋಟೋ ತರುತ್ತಾರೆ, ತಾತ ಬನಿಯನ್‌ನಲ್ಲಿ ಜಗಲಿ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿರುತ್ತಾರೆ. ನಾನು ಕಡಲೆಕಾಯಿ ತೆಗೆದು, ಕೋಟು ಹಾಕಿ, ಟೈ ಕಟ್ಟಿ, ಹಿಂದೆ ನೀಲಿ ಆಕಾಶ ಬಿಡುತ್ತೇನೆ. ಜೀವಮಾನದಲ್ಲಿ ಬನಿಯನ್ ಬಿಟ್ಟು ಬೇರೆ ಹಾಕದ ಎಷ್ಟು ಜನ ನನ್ನ ಅಂಗಡಿಯಿಂದ ಟೈ ಕಟ್ಟಿಕೊಂಡು ಸ್ವರ್ಗಕ್ಕೆ ಹೋಗಿದ್ದಾರೋ! ಹೆಂಗಸರಿಗೆ ಬೇರೆ ಸೆಟ್: ರೇಷ್ಮೆ ಸೀರೆ, ರೂಪಾಯಿ ಅಗಲದ ಕುಂಕುಮ, ಮುಡಿ ತುಂಬ ಮಲ್ಲಿಗೆ.

"ಮೇಲೆ ಯಮ ಗುರುತು ಹಿಡಿಯೋದು ಹೆಂಗೆ ಕಣೇ?" ಅನ್ನುತ್ತಿದ್ದ ಅಣ್ಣ. "ಆಧಾರ್‌ನಲ್ಲಿ ಒಬ್ಬ, ಬಾಗಿಲಲ್ಲಿ ಇನ್ನೊಬ್ಬ. ವಾಪಸ್ ಕಳಿಸಿಬಿಟ್ರೆ ಆ ಮನೆಯೋರಿಗೆ ಏನು ಹೇಳ್ತೀಯ?"

ಅವನ ಅಂಗಡಿ, ಅಂದರೆ ಅವನ ತಲೆ, ಪೂರ್ತಿ ಬೇರೆ. ಇದ್ದದ್ದು ಇದ್ದ ಹಾಗೆ ಬರಬೇಕು, ಕೇಳಿ ತೆಗೆಯಬೇಕು, ಬೇಡ ಅಂದರೆ ಕ್ಯಾಮೆರಾ ಚೀಲದೊಳಕ್ಕೆ. ಒಮ್ಮೆ ಜಯನಗರ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸ್ ಹತ್ತಿರ ಒಬ್ಬ ಆಟೋದವನು ಹಿಂದಿನ ಸೀಟಿನಲ್ಲಿ ಮಲಗಿ, ಎರಡು ಕಾಲನ್ನೂ ಹೊರಗೆ ಚಾಚಿ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದನಂತೆ. ಪಾದದ ಮೇಲೆ ಎಲೆಗಳ ಸಂದಿಯಿಂದ ಬಿಸಿಲು ಬಿದ್ದಿತ್ತಂತೆ. ಅಂಥ ಫೋಟೋ ಜನ್ಮಕ್ಕೊಮ್ಮೆ ಸಿಗುವುದಂತೆ. ನಮ್ಮಣ್ಣ ಏನು ಮಾಡಿದ? ಅವನು ಏಳಲಿ, ಕೇಳಿ ತೆಗೆಯೋಣ ಅಂತ ಎದುರಿನ ಕಟ್ಟೆ ಮೇಲೆ ಕೂತ! ಅವನು ಎದ್ದ. ಇವನನ್ನು ನೋಡಿ, ಬಾಡಿಗೆಗೆ ಕಾಯುತ್ತಿದ್ದಾನೆ ಅಂದುಕೊಂಡು, "ಎಲ್ಲಿಗೆ ಸಾರ್?" ಅಂದ. ಬಾಯಿ ತಡವರಿಸಿ ಇವನು "ಗಿರಿನಗರ" ಅಂದ. ಮೀಟರ್ ಮೇಲೆ ಇಪ್ಪತ್ತು ಜಾಸ್ತಿ ಕೊಟ್ಟು ಮನೆಗೆ ಬಂದ. ಫೋಟೋ ಮಾತ್ರ ಇಲ್ಲ.

"ನಿದ್ದೆಯಲ್ಲಿರೋನ ಫೋಟೋ ತೆಗೆಯೋದು ಜೇಬುಗಳ್ಳತನ" ಅಂತ ಬೇರೆ ನಮಗೆ ಉಪದೇಶ.

ಹೂವಿನವರ ಹತ್ತಿರ ಇನ್ನೊಂದು ಕಥೆ. "ಅಕ್ಕಾ, ಒಂದು ಫೋಟೋ ತೆಗೀಲಾ?" ಅನ್ನುತ್ತಾನೆ. ಬೆಂಗಳೂರಿನ ಹೂವಿನವಳು ಏನು ದಡ್ಡಿಯೇ? "ಎರಡು ಮೊಳ ತಗೊಂಡ್ರೆ ತೆಗಿಯಣ್ಣ" ಅನ್ನುತ್ತಾಳೆ. ದಿನಾ ಸಂಜೆ ಕೈಯಲ್ಲಿ ಹೂವಿನ ಪೊಟ್ಟಣ. ಮದುವೆಯಾಗದ ಗಂಡಸು, ಗಂಡನಿಲ್ಲದ ಅಮ್ಮ, ಇಬ್ಬರೇ ಇರುವ ಮನೆ. "ಮುಡಿಯೋರು ಯಾರೂ ಇಲ್ಲ, ಮನೆ ಮಾತ್ರ ಕಲ್ಯಾಣ ಮಂಟಪ" ಅಂತ ಅಮ್ಮ ಗೊಣಗುತ್ತಾ ದೇವರ ಪಟಕ್ಕೆಲ್ಲ ಹಾಕಿ, ಮಿಕ್ಕಿದ್ದನ್ನು ನೀರಿನ ಫಿಲ್ಟರ್‌ಗೂ ಹಾಕುತ್ತಿದ್ದಳು.

ಇನ್ನು ಸಾಫ್ಟ್‌ವೇರ್ ವಿಷಯ. ಅದರಲ್ಲೂ ಧರ್ಮಾಧರ್ಮ ಉಂಟು ಅಂತ ನನಗೆ ಗೊತ್ತಾದದ್ದೇ ಇವನಿಂದ. ಫೋಟೋ ತಿದ್ದುವ ದೊಡ್ಡ ದೊಡ್ಡ ಸಾಫ್ಟ್‌ವೇರ್‌ಗಳಿಗೆ ಈಗ ತಿಂಗಳು ತಿಂಗಳು ಕಟ್ಟಬೇಕು. ಇವನು ಕಟ್ಟುವುದಿಲ್ಲ. "ಹುಟ್ಟಿದಾಗಿನಿಂದ ಬಾಡಿಗೆ ಮನೇಲಿದ್ದೀನಿ. ಈಗ ಕುಂಚಕ್ಕೂ ಬಾಡಿಗೆಯಾ? ಒಂದು ತಿಂಗಳು ಕಟ್ಲಿಲ್ಲ ಅಂದ್ರೆ ನನ್ನ ಫೋಟೋ ನನಗೇ ತೆರೆಯಲ್ಲ ಅನ್ನುತ್ತೆ. ಓನರ್ ಬಂದು ಬಚ್ಚಲಿಗೆ ಬೀಗ ಹಾಕಿದ ಹಾಗೆ!" ಸರಿಯಪ್ಪ, ಎಲ್ಲರ ಹಾಗೆ ಕ್ರ್ಯಾಕ್, ಅಂದರೆ ಬೀಗ ಒಡೆದ ಕಳ್ಳ ಕಾಪಿ, ಹಾಕಿಸಿಕೋ ಅಂದರೆ ಅದೂ ಆಗದು. ಬೆಂಗಳೂರಿನಲ್ಲಿ ಕ್ರ್ಯಾಕ್ ಇಲ್ಲದ ಗೋಡೆ ಸಿಗಬಹುದು, ಕ್ರ್ಯಾಕ್ ಇಲ್ಲದ ಡಿಟಿಪಿ ಅಂಗಡಿ ಸಿಗುತ್ತದೆಯೇ? ನನ್ನ ಅಂಗಡಿಯಲ್ಲಿರುವುದೆಲ್ಲ ಅದೇ. ಇವನಿಗೆ ಅದು ಕದ್ದ ಎಣ್ಣೆಯಲ್ಲಿ ದೇವರಿಗೆ ದೀಪ ಹಚ್ಚಿದ ಹಾಗಂತೆ.

ಆದ್ದರಿಂದ ಯಾವುದೋ ದೇಶದ ಯಾರೋ ಇಬ್ಬರು ಬರೆದ, ಒಂದೇ ಸಲ ದುಡ್ಡು ಕೊಟ್ಟರೆ ಸಾಯುವವರೆಗೂ ನಡೆಯುವ ಅಗ್ಗದ ಸಾಫ್ಟ್‌ವೇರ್ ಕೊಂಡುಕೊಂಡ. ಆ ಇಬ್ಬರು ಆಮೇಲೆ ಅಂಗಡಿ ಮುಚ್ಚಿದರು. ಹೊಸ ಕಂಪ್ಯೂಟರಿನಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಅವನ ಹಳೇ ಕಂಪ್ಯೂಟರನ್ನು ಅವನು ಸಾಯಲು ಬಿಡುವುದಿಲ್ಲ. ಬಟನ್ ಒತ್ತಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ನರಳುತ್ತದೆ, ನೀವು ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದ ಮೇಲೆ ಏಳುತ್ತದೆ. ಅಷ್ಟಾದರೂ ಕಂಡವರಿಗೆಲ್ಲ ಅದರ ಪ್ರಚಾರ. ಬನಶಂಕರಿಯಲ್ಲಿರುವ ನಮ್ಮ ಚಿಕ್ಕಮ್ಮ, ಅಮ್ಮನ ತಂಗಿ, ಒಮ್ಮೆ ಮನೆಗೆ ಬಂದಾಗ ಅವರನ್ನೂ ಹಿಡಿದುಕೊಂಡ.

"ಚಿಕ್ಕಮ್ಮ, ನಿಮ್ಮನೇಲಿ ಮಕ್ಕಳು ಯಾವುದು ಬಳಸ್ತಾರೆ?"

"ನಾವೆಲ್ಲ ಸೋನಾಮಸೂರಿನೇ ಕಣಪ್ಪ. ಯಾಕೆ, ನಿಮ್ಮ ಹತ್ರ ಅಗ್ಗಕ್ಕೆ ಸಿಗುತ್ತಾ?"

ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದವನು ಅಲ್ಲೂ ನೆಟ್ಟಗೆ ನಡೆದುಕೊಳ್ಳಲಿಲ್ಲ. ಗಿರಿನಗರದಲ್ಲೇ ಒಂದು ಮದುವೆ. ಹುಡುಗಿ ಎಣ್ಣೆಗಪ್ಪು, ಮೊಣಕಾಲು ದಾಟುವ ಜಡೆ. ಗಂಡಿನ ತಾಯಿ ಇವನನ್ನು ಪಕ್ಕಕ್ಕೆ ಕರೆದು, "ಸಾರ್, ಆಲ್ಬಮ್‌ನಲ್ಲಿ ಹುಡುಗಿ ಬಣ್ಣ ಸ್ವಲ್ಪ ಏರಿಸಿಬಿಡಿ" ಅಂದರಂತೆ.

ಇವನು ಸೀದಾ ಮಂಟಪಕ್ಕೆ ಹೋಗಿ, ಪುರೋಹಿತರು ಮಂತ್ರ ಹೇಳುತ್ತಿದ್ದಾಗಲೇ, "ಮೇಡಂ, ನಿಮ್ಮ ಬಣ್ಣ ಏರಿಸಬೇಕಂತೆ, ನಿಮ್ಮ ಒಪ್ಪಿಗೆ ಇದೆಯಾ?" ಅಂತ ಕೇಳಿಬಿಟ್ಟ! ಹುಡುಗಿ, "ನನಗೆ ಇರೋದೇ ಸಾಕು" ಅಂದಳು. ಮದುವೆ ನಿಲ್ಲಲಿಲ್ಲ, ದೇವರು ದೊಡ್ಡವನು. ಇವನಿಗೆ ಬರಬೇಕಾದ ಬಾಕಿ ಮಾತ್ರ ನಿಂತಿತು. ಗಂಡಿನ ತಾಯಿ ಎಲ್ಲ ಫೋಟೋ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಆಲ್ಬಮ್ ಮಾಡಿಸಲು ಬಂದದ್ದು ಎಲ್ಲಿಗೆ? ನನ್ನ ಅಂಗಡಿಗೆ. ಅಣ್ಣ ಬಿಟ್ಟ ಕಡೆ ನಾನು ಸುಣ್ಣ ಬಳಿದೆ. ಆ ಹುಡುಗಿಯ ಮುಖ ಮಾತ್ರವಲ್ಲ, ಹಿಂದೆ ನಿಂತಿದ್ದ ಅವಳ ಸೋದರಮಾವನನ್ನೂ ಬೆಳ್ಳಗೆ ಮಾಡಿ ಕಳಿಸಿದೆ.

ಬೆಂಗಳೂರಿನಲ್ಲಿ ಕೆಲಸ ಕಡಿಮೆಯಾದಂತೆ ಸಮುದ್ರದ ಹುಚ್ಚು ಹೆಚ್ಚಾಯಿತು. ಮಳೆಗಾಲ ಮುಗಿದರೆ ಅಲ್ಲಿ ಡೈವಿಂಗ್‌ಗೆ ಜನ ಬರುತ್ತಾರೆ, ನೀರೊಳಗೆ ಅವರ ಫೋಟೋ ತೆಗೆಯಲು ಆಳು ಬೇಕು. ಹೊರಟು ನಿಂತಾಗ ಅಮ್ಮ, "ಈಜೋದು ಅಂತಿದ್ರೆ ಜಯನಗರದಲ್ಲಿ ಈಜುಕೊಳ ಇಲ್ವೇನೋ?" ಅಂದಳು. ಮೊದಲ ದೋಣಿಯವರು ಇವನನ್ನು ಬೇಗ ಕಳಿಸಿಬಿಟ್ಟರು. ಅಲ್ಲಿ ಒಂದು ಜಾತಿಯ ಮೀನಿದೆ, ಹೆದರಿದರೆ ಚೆಂಡಿನ ಹಾಗೆ ಉಬ್ಬುತ್ತದೆ. ಗಿರಾಕಿಗಳಿಗೆ ತಮಾಷೆ ಅಂತ ಗೈಡ್ ಅದನ್ನು ಕಡ್ಡಿಯಿಂದ ತಿವಿದು ಉಬ್ಬಿಸುತ್ತಿದ್ದ. ಇವನು ಕ್ಯಾಮೆರಾ ಕೆಳಗಿಳಿಸಿ ಬೆನ್ನು ತಿರುಗಿಸಿದ. ಮೇಲೆ ಬಂದ ಮೇಲೆ ಗಿರಾಕಿ, "ಎಲ್ಲಿ ಗುರೂ, ಉಬ್ಬಿದ ಫೋಟೋ?" ಅಂದರೆ, ಇವನು ಬೇರೆ ದಿನ ತಾನಾಗಿ ನಿಂತಿದ್ದ ಅದೇ ಜಾತಿಯ ಸಪ್ಪೆ ಮೀನನ್ನು ತೋರಿಸಿದ. "ಅದು ಉಬ್ಬೋದು ಖುಷಿಗಲ್ಲ ಸಾರ್, ಜೀವಭಯಕ್ಕೆ. ನಿಮಗೆ ಯಾರಾದ್ರೂ ಚಾಕು ತೋರಿಸಿದಾಗ ಮುಖ ಹೆಂಗಾಗುತ್ತೋ, ಅದನ್ನ ಫ್ರೇಮ್ ಹಾಕಿಸ್ಕೋತೀರಾ?" ಗಿರಾಕಿ ಉಬ್ಬಿದ. ಅದರ ಫೋಟೋ ಕೂಡ ಇವನು ತೆಗೆಯಲಿಲ್ಲ.

ಆಮೇಲೆ ಇನ್ನೊಂದು ದೋಣಿಯವರು ಇಟ್ಟುಕೊಂಡರು. ಎರಡು ವರ್ಷ ಹಾಗೂ ಹೀಗೂ ನಡೆಯಿತು. ಅಷ್ಟರಲ್ಲಿ ಅಮ್ಮನಿಗೆ ಕಾಯಿಲೆ ಅಂತ ಗೊತ್ತಾಯಿತು. ಹೆಸರು ಹೇಳುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಅಣ್ಣ ಸಮುದ್ರ ಬಿಟ್ಟು ಬಂದು ಜಯನಗರದ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತ.

ಅಮ್ಮನ ಕೂದಲು ಹೇಗಿತ್ತು ಅಂತ ಹೇಳಬೇಕು. ವಯಸ್ಸಾದ ಮೇಲೂ ಒಂದು ಕೈಯಲ್ಲಿ ಹಿಡಿಯಲಾಗದಷ್ಟು ಇತ್ತು. ನನಗೆ ಮದುವೆಯಾಗಿ ಕತ್ರಿಗುಪ್ಪೆಗೆ ಬಂದ ಮೇಲೂ ಭಾನುವಾರ ಹೋಗಿ ಅವಳ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದು ಬರುತ್ತಿದ್ದೆ. ನಾವಿಬ್ಬರೂ ಮಾತಾಡುತ್ತಿದ್ದದ್ದೇ ಆಗ. ನಾನು ಹಿಂದೆ, ಅವಳು ಮುಂದೆ, ಮುಖ ಮುಖ ನೋಡಬೇಕಾಗಿಲ್ಲ, ಬಾಯಿಗೆ ಬಂದದ್ದೆಲ್ಲ ಹೇಳಬಹುದು. ಕೀಮೋ ಶುರುವಾದ ಮೇಲೆ ಒಂದು ಭಾನುವಾರ ಆಸ್ಪತ್ರೆಯಲ್ಲೇ ಬಾಚಣಿಗೆ ಎಳೆದೆ. ಒಂದು ಹಿಡಿ ಕೈಗೆ ಬಂತು. ಅಮ್ಮನಿಗೆ ಗೊತ್ತಾಗದ ಹಾಗೆ ಚೂಡಿದಾರದ ಜೇಬಿಗೆ ತುರುಕಿಕೊಂಡೆ. ಇನ್ನೊಂದು ಹಿಡಿ ಬಂತು. ಅಮ್ಮ ತಿರುಗದೆಯೇ, "ಜೇಬು ತುಂಬಿತಾ?" ಅಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತೆ.

ಅದೇ ಕೊನೆ. ಆಮೇಲೆ ನಾನು ಹೋಗಲಿಲ್ಲ.

ಕತ್ರಿಗುಪ್ಪೆಯಿಂದ ಜಯನಗರ ಏನು ಕಾಶಿಯೇ? ಬಸ್ ಇದೆ, ಆಟೋ ಇದೆ, ಗಂಡನ ಸ್ಕೂಟರ್ ಇದೆ. ನನ್ನ ಹತ್ತಿರ ನೆಪಗಳೂ ಇದ್ದವು. ಮದುವೆ ಸೀಸನ್ನು. ಪ್ರಿಂಟರ್ ಕೆಟ್ಟಿದೆ. ಪ್ರಿಂಟರ್ ರಿಪೇರಿಯವನು ಬರುತ್ತಾನೆ. ಪ್ರಿಂಟರ್ ರಿಪೇರಿಯಾಗಿದೆ, ಬಾಕಿ ಕೆಲಸ ಇದೆ. ಅಣ್ಣ ಫೋನ್ ಮಾಡಿ "ಪುಟ್ಟಿ, ಬಂದು ಹೋಗೇ" ಅಂದರೆ "ನಾಳೆ ಬರ್ತೀನಿ" ಅನ್ನುತ್ತಿದ್ದೆ. ಅಮ್ಮ ಫೋನ್ ತೆಗೆದುಕೊಂಡರೆ "ಕೆಲಸ ನೋಡ್ಕೊಳೇ, ನಂಗೇನಾಗಿದೆ" ಅನ್ನುತ್ತಿದ್ದಳು. ಹಿಂದೆ ಬೆಂಗಳೂರಿನಲ್ಲಿ ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಂತೆ. ದಿನಾ ಓದಿ ದಿನಾ ವಾಪಸ್ ಹೋಗುತ್ತಿತ್ತಂತೆ. ನಾನು ಹೆತ್ತ ತಾಯಿಗೆ ಅದನ್ನೇ ಬರೆದು ಹಾಕಿದೆ. ಪಾಪ, ಅವಳೂ ದಿನಾ ಓದಿಕೊಂಡಳು.

ಒಂದು ಬೆಳಿಗ್ಗೆ ಅಣ್ಣ ಫೋನ್ ಮಾಡಿದಾಗ "ಬಾ" ಅನ್ನಲಿಲ್ಲ. "ಕರ್ಕೊಂಡು ಬರ್ತಿದ್ದೀವಿ" ಅಂದ. ಮನೆಗೆ ತಂದಾಗ ತಲೆಗೆ ಸೆರಗು ಸುತ್ತಿತ್ತು. ಹೆಂಗಸರು ಸ್ನಾನ ಮಾಡಿಸುವಾಗ ನಾನು ಕಾಲಿನ ಕಡೆ ನಿಂತೆ. ಕಾಲು ಮಾತ್ರ ನೋಡಿದೆ.

ಈಗ ಕಳ್ಳತನದ ವಿಷಯಕ್ಕೆ ಬರುತ್ತೇನೆ. ಹನ್ನೊಂದನೇ ದಿನದ ತಿಥಿಗೆ ಫೋಟೋ ಬೇಕು. ನೀವು ನಂಬುತ್ತೀರೋ ಇಲ್ಲವೋ, ಫೋಟೋಗ್ರಾಫರ್ ಮಗ, ಫೋಟೋ ಅಂಗಡಿಯ ಮಗಳು, ಅಮ್ಮನದೊಂದು ಫೋಟೋ ಇಲ್ಲ! ಅಣ್ಣ ಕೇಳಿದಾಗಲೆಲ್ಲ ಅಮ್ಮ "ಬೇಡ ಹೋಗೋ" ಅಂದಿದ್ದಾಳೆ, ಇವನು ಕ್ಯಾಮೆರಾ ಒಳಗಿಟ್ಟಿದ್ದಾನೆ. ಬೇರೆಯವರು ತೆಗೆದ ಫೋಟೋಗಳಲ್ಲಿ ಅಮ್ಮನ ಕೈ ಇದೆ, ಅಂಗೈ ಅಡ್ಡ ಹಿಡಿದದ್ದು. ಆಧಾರ್ ಕಾರ್ಡಿನದು ಒಂದಿದೆ, ಅದರಲ್ಲಿ ಅಮ್ಮ ಬ್ಯಾಂಕ್ ದರೋಡೆ ಮಾಡಿ ಸಿಕ್ಕಿಬಿದ್ದ ಹಾಗೆ ಕಾಣುತ್ತಾಳೆ.

ಚಿಕ್ಕಮ್ಮ ಕೇಳಿದರು, "ಏನಪ್ಪಾ, ಊರಿನ ಮೀನೆಲ್ಲ ಹಿಡೀತೀಯ, ಅಮ್ಮನದೊಂದು ಇಲ್ವಾ?"

"ಒಂದಿದೆ. ಆಸ್ಪತ್ರೇಲಿ ತೆಗೆದದ್ದು. ತೋರಿಸೋ ಹಾಗಿಲ್ಲ."

"ಯಾಕಂತೆ?"

"ತಾನು ಹೇಳೋವರೆಗೂ ಯಾರಿಗೂ ತೋರಿಸ್ಬೇಡ ಅಂದಿದ್ಲು. ಹೇಳೋಕೆ ಮುಂಚೆ ಹೋಗ್ಬಿಟ್ಲು."

"ಇನ್ನು ಎಲ್ಲಿಂದ ಬಂದು ಹೇಳ್ತಾಳೋ ಹುಚ್ಚಪ್ಪ!"

"ಅದಕ್ಕೇ ತೋರಿಸೋ ಹಾಗಿಲ್ಲ" ಅಂದ ಅಣ್ಣ. ಕಣ್ಣು ಒರೆಸಿಕೊಂಡ ಹಾಗಿತ್ತು. ನಾನು ಸರಿಯಾಗಿ ನೋಡಲಿಲ್ಲ. ನೋಡದೆ ಇರುವುದು ಅಷ್ಟು ಹೊತ್ತಿಗೆ ನನಗೆ ಚೆನ್ನಾಗಿ ರೂಢಿಯಾಗಿತ್ತು.

ಅವನು ಅಸ್ಥಿ ಬಿಡಲು ಪಶ್ಚಿಮವಾಹಿನಿಗೆ ಹೋದ ದಿನ ನಾನು ಅವನ ಕಂಪ್ಯೂಟರ್ ಹಾಕಿದೆ. ಅದು ಕೆಮ್ಮಿತು, ನರಳಿತು, ಎದ್ದಿತು. ಪಾಸ್‌ವರ್ಡ್ ಇರಲಿಲ್ಲ. ಹಿಂದೊಮ್ಮೆ ನಾನೇ "ಒಂದು ಪಾಸ್‌ವರ್ಡ್ ಹಾಕ್ಕೊಳೋ" ಅಂದಿದ್ದಕ್ಕೆ, "ಮನೇಲಿ ಕಳ್ಳರು ಯಾರಿದ್ದಾರೆ?" ಅಂದಿದ್ದ. ಫೋಟೋ ಸಿಕ್ಕಿತು. ಪೆನ್‌ಡ್ರೈವಿಗೆ ಹಾಕಿಕೊಂಡು ಅಂಗಡಿಗೆ ಬಂದು, ತೆರೆದ ಕೂಡಲೇ ತಲೆಯ ಭಾಗವನ್ನು ಮಾತ್ರ ಪರದೆ ತುಂಬ ದೊಡ್ಡದು ಮಾಡಿಕೊಂಡೆ. ದೊಡ್ಡದು ಮಾಡಿದರೆ ಅದು ಅಮ್ಮನಲ್ಲ, ಬರೀ ಬಣ್ಣದ ಚೌಕಗಳು. ಕೆಲಸ ಸುಲಭ. ಕೂದಲು ಬೇಕಿತ್ತು. ಗಿರಿನಗರದ ಆ ಮದುವೆ ಹುಡುಗಿಯ ಕೂದಲು ನನ್ನ ಕಂಪ್ಯೂಟರಿನಲ್ಲೇ ಇತ್ತಲ್ಲ! ಮಲ್ಲಿಗೆ ಸಮೇತ ಕತ್ತರಿಸಿ ಅಂಟಿಸಿದೆ, ಒಂದಿಷ್ಟು ನರೆ ಬೆರೆಸಿದೆ. ಹಣೆಗೆ ಹೆಂಗಸರ ಸೆಟ್ಟಿನಿಂದ ರೂಪಾಯಿ ಅಗಲದ ಕುಂಕುಮ ತಾನಾಗಿ ಬಂದು ಕೂತಿತು. ಅಪ್ಪ ಹೋದ ಮೇಲೆ ಅಮ್ಮ ಸಾಸಿವೆಯಷ್ಟು ಕರೀ ಸ್ಟಿಕ್ಕರ್ ಬಿಟ್ಟು ಬೇರೆ ಇಟ್ಟವಳಲ್ಲ. ನನಗೆ ಅದು ಹೊಳೆಯಲೇ ಇಲ್ಲ.

ಮನೆಗೊಂದು ಫ್ರೇಮ್, ಬೀದಿ ತಿರುವಿಗೊಂದು ಫ್ಲೆಕ್ಸ್. ತಿಥಿಯ ದಿನ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. "ಎಷ್ಟು ಕಳೆಯಾಗಿದ್ದಾರೆ!" "ಕಾಯಿಲೆ ಬಿದ್ದೋರ ಹಾಗೆ ಕಾಣ್ತಾರಾ ನೋಡಿ!" ಹಿಂದಿನ ಬೀದಿಯ ಒಬ್ಬ ಆಂಟಿ ನನ್ನ ಕೈ ಹಿಡಿದುಕೊಂಡು, "ಮುತ್ತೈದೆ ಸಾವು ಕಣಮ್ಮ, ಪುಣ್ಯವಂತೆ. ನಿಮ್ಮ ತಂದೆ ಎಲ್ಲಿ, ಕಾಣಿಸ್ತಿಲ್ಲ?" ಅಂದರು.

ಆಗ ಅಣ್ಣ ಬಂದ. ಕೈಯಲ್ಲಿ ಬಾಳೆ ಎಲೆಯ ಕಟ್ಟು. ಫೋಟೋ ಮುಂದೆ ನಿಂತ. ಇನ್ನೇನು ಬೈಯುತ್ತಾನೆ ಅಂದುಕೊಂಡೆ. ಎಲೆಗಳನ್ನು ಕೆಳಗಿಟ್ಟು, ಮೆತ್ತಗೆ, ನನಗೊಬ್ಬಳಿಗೇ ಕೇಳುವ ಹಾಗೆ ಅಂದ:

"ಇದು ಗಿರಿನಗರದ ಮದುವೆ ಹುಡುಗಿ ಕೂದಲಲ್ವಾ?"

ಅಷ್ಟೇ. ನೆಂಟರಿಗೆಲ್ಲ ಬಡಿಸಿದ, ತಾನು ಊಟಕ್ಕೆ ಕೂರಲಿಲ್ಲ. ಆ ವಾರವೇ ಮುರುಡೇಶ್ವರಕ್ಕೆ ಹೋದ. ನಾನು ಫೋನ್ ಮಾಡಿದರೆ ಎತ್ತುತ್ತಿದ್ದ. "ಊಟ ಆಯ್ತಾ?" ಅಂದರೆ "ಹೂಂ". "ಸಮುದ್ರ ಹೇಗಿದೆ?" ಅಂದರೆ "ಇದೆ". ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತಾ ಬಂದವನ ಹಾಗೆ ಮಾತು ಉಳಿಸುತ್ತಿದ್ದ. ಕೊನೆಗೆ ನಾನೂ ಫೋನ್ ಮಾಡುವುದು ಬಿಟ್ಟೆ.

ಫ್ರೇಮ್ ಕತ್ರಿಗುಪ್ಪೆಗೆ, ನಮ್ಮ ಮನೆಯ ನಡುಗೋಡೆಗೆ ಬಂದಿತ್ತು. ದಿನಾ ಊದುಬತ್ತಿ ಹಚ್ಚುತ್ತಿದ್ದೆ, ಯಾರೋ ಅಪರಿಚಿತರಿಗೆ ಹಚ್ಚಿದ ಹಾಗೆ. ಒಂದು ದಿನ ಆ ಮದುವೆ ಹುಡುಗಿಯೇ ಅಂಗಡಿಗೆ ಬಂದಳು, ಮಗುವಿನ ಆಧಾರ್‌ಗೆ ಲ್ಯಾಮಿನೇಶನ್ ಮಾಡಿಸಲು. ಜಡೆ ಅದೇ, ಕಂಕುಳಲ್ಲಿ ಮಗು ಅದನ್ನು ಹಿಡಿದು ಎಳೆಯುತ್ತಿತ್ತು. ಜಡೆಯನ್ನೇ ನೋಡುತ್ತಾ ಕಾರ್ಡನ್ನು ಸೊಟ್ಟಗೆ ತೂರಿಸಿಬಿಟ್ಟೆ. ಅವಳಿಗೆ ಹೇಳಬೇಕಿತ್ತು. ಏನಂತ ಹೇಳುವುದು? ನಿಮ್ಮ ಕೂದಲು ನಮ್ಮಮ್ಮನ ತಲೆ ಮೇಲಿದೆ ಮೇಡಂ, ದಿನಾ ಪೂಜೆ ನಡೆಯುತ್ತಿದೆ ಅಂತಲೇ?

ಆವತ್ತು ಸಂಜೆ ಮಳೆ ಹನಿಯುತ್ತಿತ್ತು. ಮಳೆಗಾಲಕ್ಕೆ ಸಮುದ್ರ ಮುಚ್ಚಿ ಅಣ್ಣ ಗಿರಿನಗರಕ್ಕೆ ವಾಪಸ್ ಬಂದಿದ್ದಾನೆ ಅಂತ ಚಿಕ್ಕಮ್ಮನಿಂದ ಗೊತ್ತಾಗಿತ್ತು. ಗೋಡೆಯಿಂದ ಫ್ರೇಮ್ ಇಳಿಸಿದೆ. ನನ್ನ ಗಂಡ, "ಎಲ್ಲಿಗೆ ಹೊರಟೆ ಅತ್ತೇನ ಹೊತ್ಕೊಂಡು?" ಅಂದರು. ಕೊಡೆಯನ್ನು ಅಮ್ಮನ ಮೇಲೆ ಹಿಡಿದು ನಡೆದೇ ಹೋದೆ. ದಾರಿಯಲ್ಲಿ ಎಳನೀರಿನವನು ಕತ್ತಿ ಕೆಳಗಿಟ್ಟು ಕೈಮುಗಿದ. "ಯಾರಕ್ಕ ಇವ್ರು?"

"ಅರ್ಧ ನಮ್ಮಮ್ಮ" ಅಂದೆ.

ಅಣ್ಣ ಬಾಗಿಲು ತೆಗೆದ. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿದ, ಫ್ರೇಮ್ ನೋಡಿದ. "ಒಳಗೆ ಬಾ, ನೆನೀತೀಯ" ಅಂದ.

ಕೂರುವ ಮುಂಚೆಯೇ ಹೇಳಿಬಿಟ್ಟೆ. "ಫೋಟೋ ಕದ್ದಿದ್ದಕ್ಕೆ ಬೈ, ಹೊಡಿ. ನಾನು ಹೇಳೋಕೆ ಬಂದದ್ದು ಅದಲ್ಲ. ಪ್ರಿಂಟರ್ ಕೆಟ್ಟಿರ್ಲಿಲ್ಲ ಅಣ್ಣ. ಯಾವ ಕೆಲಸಾನೂ ಇರ್ಲಿಲ್ಲ. ಶಟರ್ ಅರ್ಧ ಎಳೆದು ಒಳಗೆ ಸುಮ್ನೆ ಕೂತಿರ್ತಿದ್ದೆ. ಅಮ್ಮನ ತಲೆ ನೋಡೋಕೆ ಹೆದರಿಕೆ ಆಗಿ ಬರ್ಲಿಲ್ಲ. ಕೂದಲು ಅಂಟಿಸಿದ್ದು ಅಮ್ಮನಿಗಲ್ಲ, ನಂಗೆ."

ಅವನು ಕಂಪ್ಯೂಟರಿನ ಬಟನ್ ಒತ್ತಿ, "ಕೂತ್ಕೊ. ಇದು ಏಳೋಕೆ ಹೊತ್ತಾಗುತ್ತೆ" ಅಂದ. ಅದು ಕೆಮ್ಮತೊಡಗಿತು. ಕಪ್ಪು ಪರದೆಯನ್ನೇ ನೋಡುತ್ತಾ ಅಣ್ಣ ಕೇಳಿದ, "ಅಮ್ಮ ಜನ್ಮದಲ್ಲಿ ಒಂದು ಸಲಾನಾದ್ರೂ ಫೋಟೋಗೆ ಹೂಂ ಅಂದಿದ್ಲಾ?"

"ಇಲ್ಲ."

"ಇದಕ್ಕೆ ಅವಳೇ ಕರೆದಳು. 'ಲೋ, ನಿನ್ನ ಡಬ್ಬ ತಗೊಂಡು ಬಾ. ಪುಟ್ಟಿ ಹೆದರಿಕೊಂಡಿದ್ದಾಳೆ. ಮೊದಲು ಫೋಟೋದಲ್ಲಿ ನೋಡ್ಲಿ, ಅಭ್ಯಾಸ ಆಗ್ಲಿ, ಆಮೇಲೆ ತಾನೇ ಬರ್ತಾಳೆ' ಅಂದ್ಲು. ತೆಗೆದೆ. ತೋರಿಸಿದೆ. 'ಅಯ್ಯೋ, ಇವತ್ತು ಮುಖ ಸೋತಿದೆ. ಈಗಲೇ ಕಳಿಸ್ಬೇಡ. ನಾನು ಹೇಳ್ದಾಗ ಕಳ್ಸು, ಅಲ್ಲೀವರೆಗೂ ಯಾರಿಗೂ ತೋರಿಸ್ಬೇಡ' ಅಂದ್ಲು. ಮಾರನೇ ದಿನ ಮಾತು ನಿಂತೋಯ್ತು."

ಮಳೆ ಜೋರಾಯಿತು. ಅಣ್ಣ ಅಂಗೈಯಿಂದ ಗಡ್ಡ ಉಜ್ಜಿಕೊಂಡ.

"ಮಾತು ನಿಂತ ಮೇಲೂ ಉಸಿರಿತ್ತು ಕಣೇ ಸುಮಾರು ದಿನ. ನಾನು ಕಳಿಸಬಹುದಿತ್ತು. ನಿನಗೋಸ್ಕರಾನೇ ತೆಗೆಸಿಕೊಂಡಿದ್ದು. ನೋಡಿ ನೀನು ಓಡಿ ಬರ್ತಿದ್ಯೇನೋ. ಅವಳು ಹೇಳಿಲ್ಲ, ಇನ್ನೂ ಹೇಳಿಲ್ಲ ಅಂತ ನಾನು ದೊಡ್ಡ ಮನುಷ್ಯನ ಹಾಗೆ ಕೂತೆ. ಬಾಯಿ ಹೋದೋಳು ಹೆಂಗೆ ಹೇಳ್ತಾಳೆ? ನಿನ್ನ ಮೇಲೆ ಕೋಪ ಅಂದ್ಕೊಂಡ್ಯಾ? ನಿನ್ನ ಮುಖ ನೋಡೋ ಧೈರ್ಯ ಇರ್ಲಿಲ್ಲ ನಂಗೆ."

ಅವನು ಕಳಿಸಿದ್ದರೆ ನಾನು ಹೋಗುತ್ತಿದ್ದೆನೇ? ಹೋಗುತ್ತಿದ್ದೆ ಅಂತ ಇಲ್ಲಿ ಬರೆದರೆ ಚೆನ್ನಾಗಿರುತ್ತದೆ. ಆದರೆ ನನಗೆ ಗೊತ್ತಿಲ್ಲ. ಅವನಿಗೂ ಅದನ್ನೇ ಹೇಳಿದೆ. "ಬರ್ತಿದ್ನೋ ಇಲ್ವೋ ನಂಗೇ ಗೊತ್ತಿಲ್ಲ ಅಣ್ಣ. ಅದೂ ನಿನ್ನ ತಲೆ ಮೇಲೆ ಹಾಕ್ಕೋಬೇಡ."

ಕಂಪ್ಯೂಟರ್ ಎದ್ದಿತು. ಅಣ್ಣ ಫೋಟೋ ತೆರೆದು, ಕುರ್ಚಿ ಪಕ್ಕಕ್ಕೆ ಸರಿಸಿ ನನಗೆ ಜಾಗ ಬಿಟ್ಟ. ಏನೂ ಅಂಟಿಸದ ಇಡೀ ಫೋಟೋವನ್ನು ನಾನು ಮೊದಲ ಸಲ ನೋಡಿದೆ. ಅಮ್ಮ ದಿಂಬಿಗೆ ಒರಗಿ ಕೂತಿದ್ದಾಳೆ. ಹಣೆಯಲ್ಲಿ ಸಾಸಿವೆಯಷ್ಟು ಕರೀ ಸ್ಟಿಕ್ಕರ್. ತಲೆಯ ಮೇಲೆ ಏನೂ ಇಲ್ಲ, ಕಿಟಕಿಯ ಬೆಳಕು ಬಿಟ್ಟರೆ. ನಗು ತಡೆದುಕೊಂಡು ತುಟಿ ಬಿಗಿಹಿಡಿದಿದ್ದಾಳೆ, ನಾನು ಚಿಕ್ಕವಳಿದ್ದಾಗ ಕಷಾಯ ಕುಡಿಸುವಾಗ "ನೋಡು, ಏನೂ ಆಗಲ್ಲ" ಅಂತ ತಾನು ಮೊದಲು ಒಂದು ಗುಟುಕು ಕುಡಿದು ತೋರಿಸುತ್ತಿದ್ದಳಲ್ಲ, ಹಾಗೆ.

ನಾನು ಬಹಳ ಹೊತ್ತು ನೋಡಿದೆ. ಮೂಗು ಒರೆಸಿಕೊಂಡು, "ತಲೆ ಎಷ್ಟು ದುಂಡಗಿದೆ ಅಲ್ವಾ" ಅಂದೆ.

"ಹೂಂ ಕಣೇ ಪುಟ್ಟಿ. ಮುಟ್ಟಿದ್ರೆ ಬೆಚ್ಚಗಿರ್ತಿತ್ತು. ರಾತ್ರಿ ನಾನು ಕೈ ಇಟ್ಕೊಂಡ್ರೆ ಮಾತ್ರ ನಿದ್ದೆ ಮಾಡ್ತಿದ್ಲು."

"ಎಷ್ಟು ಬೆಚ್ಚಗೆ?"

ಅಣ್ಣ ನನ್ನ ಕೈ ಎಳೆದುಕೊಂಡು, ಅಂಗೈ ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಹಿಡಿದ.

"ಇಷ್ಟು" ಅಂದ.